ದಂಡೆಯ ಮೇಲೆ ಕೂಡುವವರಿಲ್ಲ

ರಾವೂರಿನಲ್ಲಿ ಹಣಮಮ್ಮನ ಹೆಸರು ತೆಗೆದರೆ ಹಳೆಯ ಮಂದಿ ಮೊದಲು ಹೇಳುವುದು ಒಂದೇ ಮಾತು, ಆಕೆ ಭಾಳ ಸಿಟ್ಟಿನ ಹೆಂಗಸು. ಸಿಟ್ಟು ಯಾಕೆ ಬಂತು ಅಂತ ಕೇಳಿದರೆ ಎಲೆಗೆ ಸುಣ್ಣ ಹಚ್ಚುತ್ತ ಮಾತು ಬೇರೆ ಕಡೆ ತಿರುಗಿಸುತ್ತಾರೆ. ಹೇಳಲಿಕ್ಕೆ ಹೋದರೆ ಅವರವರ ಮನೆಯ ಹೆಸರೇ ನಡುವೆ ಬರುತ್ತದೆ.

ಆಕೆ ಹುಟ್ಟಿದ್ದು ಕಾಗಿಣಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ, ಅಂಬಿಗರ ಮನೆಯಲ್ಲಿ. ಅಪ್ಪ ಹರಗೋಲು ಹಾಕಿ ಜನರನ್ನು ದಾಟಿಸುತ್ತಿದ್ದ. ಮಗಳಿಗೆ ನಡಿಗೆಗಿಂತ ಮೊದಲು ಈಜು ಬಂತು ಅಂತ ಅವ್ವ ಹೇಳುತ್ತಿದ್ದಳು. ಅದು ಅವ್ವಂದಿರು ಹೇಳುವ ಮಾತು, ಬಿಡಿ. ಆದರೆ ಹೊಳೆ ತುಂಬಿ ಬಂದಾಗ ತೇಲಿ ಹೋಗುತ್ತಿದ್ದ ಕರುವಿನ ಕೊರಳಿಗೆ ಕೈ ಹಾಕಿ ಎಳೆದು ತಂದದ್ದು, ಆಗ ಆಕೆಗೆ ಇನ್ನೂ ಮದುವೆಯಾಗಿರಲಿಲ್ಲ ಅನ್ನುವುದು ಎರಡೂ ಖರೆ. ಅಂಥವಳನ್ನು ಕೊಟ್ಟದ್ದು ಕಲ್ಲಿನ ಊರಿಗೆ. ಗಂಡ ಚಂದ್ರಾಮಪ್ಪ ಖಣಿಯಲ್ಲಿ ಕಲ್ಲು ಬಿಡಿಸುವವನು, ಒಳ್ಳೆಯವನು, ಮಾತು ಕಡಿಮೆ. ಆತ ಸೊಂಟಕ್ಕಿಂತ ಮೇಲೆ ನೀರು ಕಂಡವನಲ್ಲ.

ರಾವೂರಿನ ನೆಲವನ್ನು ಮೊಳ ಅಗೆದರೆ ಫರಸಿ ಕಲ್ಲು. ಪದರು ಪದರಾಗಿ ಬಿಡಿಸಿ, ಬಂಡಿಗೆ ಹೇರಿ ವಾಡಿ ಸ್ಟೇಷನ್ನಿಗೆ ಸಾಗಿಸಿ, ಕಲ್ಲು ತೀರಿದ ಮೇಲೆ ಗುತ್ತೇದಾರರು ಹೊಸ ಜಾಗಕ್ಕೆ ಹೋಗುತ್ತಿದ್ದರು. ಹಳೆಯ ಖಣಿ ಹಾಗೇ ಬಾಯಿ ತೆರೆದುಕೊಂಡು ಉಳಿಯುತ್ತಿತ್ತು. ಮಳೆನೀರು, ಒರತೆಯ ನೀರು ತುಂಬಿ ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುತ್ತಿತ್ತು. ಹೊಳೆಗೆ ದಂಡೆ ಅಂತ ಇರುತ್ತದೆ, ಮುಳುಗುವವನ ಕಾಲಿಗೆ ಎಲ್ಲೋ ಒಂದು ಕಡೆ ಮರಳು ತಾಗುತ್ತದೆ. ಖಣಿಗೆ ಇರುವುದು ಗೋಡೆ. ಮೂರು ಕಡೆ ನೆಟ್ಟಗೆ ಕೊರೆದ ಗೋಡೆ, ಒಂದು ಕಡೆ ಮಾತ್ರ ಹಿಂದೆ ಬಂಡಿ ಇಳಿಯುತ್ತಿದ್ದ ಇಳಿಜಾರು. ಬಿದ್ದವನು ಗೋಡೆ ತಡವುತ್ತಲೇ ಸಾಯುತ್ತಾನೆ.

ಒಂದು ಬೇಸಿಗೆ ಇಮಾಮ್ಬೀ ಅನ್ನುವವಳ ಮಗ ಎಮ್ಮೆ ಮೈ ತೊಳೆಯಲಿಕ್ಕೆ ಹೋಗಿ ಹಾಗೇ ಸತ್ತ. ಊರಿನ ಗಂಡಸರೆಲ್ಲ ಗೋಡೆಯ ಮೇಲೆ ನಿಂತು ರುಮಾಲಿಗೆ ರುಮಾಲು ಗಂಟು ಹಾಕಿ ಇಳಿಬಿಟ್ಟರು. ಮುಳುಗಿದವನು ರುಮಾಲು ಹಿಡಿಯುತ್ತಾನೆಯೇ? ಅಂಬಿಗರ ಮಗಳನ್ನು ಕರೆಯಬೇಕು ಅಂತ ಯಾರಿಗೋ ನೆನಪಾದಾಗ ಹೊತ್ತು ಮೀರಿತ್ತು. ಹಣಮಮ್ಮ ಕಚ್ಚೆ ಬಿಗಿದು ಹಾರಿದಳು, ಹುಡುಗನನ್ನು ತಂದಳು, ತಂದದ್ದು ಹೆಣ.

ಆಗ ಊರ ಪಾಟೀಲ ಕಾಶಪ್ಪ ತಾನೇ ಹಣಮಮ್ಮನ ಅಂಗಳಕ್ಕೆ ಬಂದ. "ನಮ್ಮ ಹುಡುಗರಿಗಿ ನೀ ಈಸು ಕಲಸಬೇಕವ್ವ. ಊರಿನ ಮ್ಯಾಲ ಉಪಕಾರ ಆಗ್ತದ."

"ಕಲಸ್ತೀನ್ರಿ," ಅಂದಳು ಹಣಮಮ್ಮ. "ಆದ್ರ ನೀರಾಗ ನಾ ಒಬ್ಬಾಕಿ. ಕೈಯಾಗಿನ ಹುಡುಗನ ಕಡಿ ಕಣ್ಣು ಇದ್ರ ಬೆನ್ನ ಹಿಂದಿನವ ಕಾಣಂಗಿಲ್ಲ. ದಂಡಿ ಮ್ಯಾಲ ನೀವು ಕುಂದ್ರಬೇಕು. ಹುಡುಗಗ ಒಬ್ಬರಂಗ, ಅವರವರ ಮನಿಯವರು."

ಅದು ಕಾಗಿಣಾ ದಂಡೆಯ ಪದ್ಧತಿ. ಮಗು ನೀರಿಗೆ ಇಳಿಯುವಾಗ ಬಿಚ್ಚಿದ ಅಂಗಿಯನ್ನು ನೆಲಕ್ಕೆ ಇಡುವುದಿಲ್ಲ, ಮನೆಯವರ ಉಡಿಗೆ ಹಾಕುತ್ತದೆ. ಮೇಲೆ ಬಂದು ತಾನೇ ಆ ಉಡಿಯಿಂದ ಅಂಗಿ ತೆಗೆದುಕೊಳ್ಳಬೇಕು. ಉಡಿಯಲ್ಲಿ ಅಂಗಿ ಇದ್ದವರು ಏಳುವ ಹಾಗಿಲ್ಲ, ನೀರಿನಿಂದ ಕಣ್ಣು ತೆಗೆಯುವ ಹಾಗಿಲ್ಲ. ಓದು ಬರಹ ಬೇಡದ ಲೆಕ್ಕ ಅದು. ಕಾಶಪ್ಪ ಕೇಳಿ ತಲೆದೂಗಿದ. ಚಾವಡಿಯಲ್ಲಿ ಕೂಡಿದ ಊರೂ ತಲೆದೂಗಿತು. ರಾವೂರಿನವರು ತಲೆದೂಗುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ.

ಮೊದಲ ಬೇಸಿಗೆ ಖಣಿಯ ಇಳಿಜಾರು ಮದುವೆಯ ಹಂದರದಂತೆ ತುಂಬಿತು. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡ ಹುಡುಗರು ಕಪ್ಪೆಗಳಂತೆ ತೇಲುತ್ತಿದ್ದರು. ದಂಡೆಯ ಮೇಲೆ ಅವ್ವಂದಿರು, ಅಜ್ಜಂದಿರು, ಅವರ ಕೈಯಲ್ಲಿ ಚುರಮುರಿ. ಬಂದವರು ಸುಮ್ಮನೆ ಕೂಡುತ್ತಿದ್ದರೇ? ಶೆಟ್ಟರ ಶಿವಕಾಂತಮ್ಮ ತನ್ನ ಮಗ ರೇವು ನೀರಿಗೆ ಇಳಿದ ಕೂಡಲೇ ಶುರು ಮಾಡುತ್ತಿದ್ದಳು.

"ಹಣಮಮ್ಮ, ಮಾರಿ ಮುಳುಗಿಸಬ್ಯಾಡ. ಮೂಗಿನಾಗ ನೀರು ಹೋಗ್ತದ."

"ಮೂಗು ಮನ್ಯಾಗ ಬಿಟ್ಟು ಬರಾಕ ಹೇಳ್ರಿ ಹಂಗಾದ್ರ," ಅನ್ನುತ್ತಿದ್ದಳು ಹಣಮಮ್ಮ, ಹುಡುಗನ ಹೊಟ್ಟೆಯ ಕೆಳಗಿನ ಕೈ ತೆಗೆಯದೆ.

ಆದರೂ ಆ ಗದ್ದಲ ಆಕೆಗೆ ಬೇಕಿತ್ತು. ಬೆನ್ನ ಹಿಂದೆ ಮಾತು ಕೇಳಿಸುತ್ತಿದ್ದರೆ ಅಲ್ಲಿ ಕಣ್ಣೂ ಇವೆ ಅಂತ ಧೈರ್ಯ.

ಎರಡನೆಯ ಬೇಸಿಗೆ ಗದ್ದಲ ಅರ್ಧಕ್ಕೆ ಇಳಿಯಿತು. ಮೂರನೆಯ ಬೇಸಿಗೆಗೆ ಹುಡುಗರು ಹೆಚ್ಚಾದರು, ದಂಡೆ ಬರಿದಾಯಿತು. ಜೋಳದ ರಾಶಿ ಮುಗಿದು ಬಿತ್ತನೆ ಇನ್ನೂ ದೂರವಿದ್ದ ದಿನಗಳು, ಗಂಡಸರು ಬೇವಿನ ನೆರಳಿನಲ್ಲಿ ಚೌಕಾಬಾರ ಆಡುತ್ತಿದ್ದರು, ಆದರೆ ಖಣಿಗೆ ಬರಲಿಕ್ಕೆ ಯಾರಿಗೂ ಫುರಸತ್ತಿಲ್ಲ. ಮೊದಲು ತಮ್ಮ ಮಗನ ಅಂಗಿಯನ್ನು ಪಕ್ಕದ ಮನೆಯವಳ ಉಡಿಗೆ ಹಾಕಲಿಕ್ಕೆ ಹೇಳಿ ಕಳಿಸಿದರು. ಪಕ್ಕದ ಮನೆಯವಳು ತನ್ನ ಪಕ್ಕದವಳಿಗೆ ಹೇಳಿದಳು. ಕೊನೆಗೆ ಊರ ಹುಡುಗರ ಅಂಗಿ ಚಡ್ಡಿಗಳೆಲ್ಲ ಜೈತುನ್ಬೀಯ ಉಡಿಗೆ ಬಂದವು. ಜೈತುನ್ಬೀ ಪಿಂಜಾರರ ಹೆಂಗಸು, ಹತ್ತಿ ಹಿಂಜುವ ಮನೆ. ಆಕೆಯ ಮೊಮ್ಮಗಳು ಒಬ್ಬಳು ಈಜು ಕಲಿಯುತ್ತಿದ್ದಳು.

"ಅಕ್ಕಾ, ನಾ ಖಣಿ ಕಾಯಾಕ ಬಂದೀನೋ, ಊರ ಅರಿವಿ ಒಗಿಯಾಕ ಬಂದೀನೋ," ಅಂತ ಜೈತುನ್ಬೀ ರಾಶಿಯ ಹಿಂದಿನಿಂದ ಕೇಳುತ್ತಿದ್ದಳು. ಆಕೆಗೆ ನಗೆ ಬರುತ್ತಿತ್ತು. ಹಣಮಮ್ಮನಿಗೆ ಬರುತ್ತಿರಲಿಲ್ಲ.

ಹಣಮಮ್ಮ ಮನೆ ಮನೆಗೆ ಹೋದಳು. ಒಂದು ಮನೆಯಲ್ಲಿ ಕಟ್ಟೆಯ ಮೇಲೆ ಕೂಡಿಸಿ ಮಜ್ಜಿಗೆ ಕೊಟ್ಟು, "ನಿನ್ನ ಕೈಯಾಗ ಅದಾನಂದ್ರ ನಮಗ ನಿಶ್ಚಿಂತಿ ನೋಡು," ಅಂದರು. ಮುಂದಿನ ಮನೆಯಲ್ಲಿಯೂ ಅದೇ ಹೊಗಳಿಕೆ. ಹೊಗಳುವುದೂ ಒಂದು ಕಳ್ಳತನ, ಮಜ್ಜಿಗೆ ಕೊಟ್ಟು ಮಾಡುವ ಕಳ್ಳತನ ಅಂತ ಆಕೆಗೆ ಆ ದಿನ ತಿಳಿಯಿತು. ಕೊನೆಗೆ ರೇವುವಿನ ಅಪ್ಪ ದೇವಿಂದ್ರಪ್ಪನ ಅರಿವೆ ಅಂಗಡಿಯ ಮುಂದೆ ನಿಂತಳು. ದೇವಿಂದ್ರಪ್ಪ ಶೆಟ್ಟಿ ಗಜಕೋಲು ಹಿಡಿದು ಬಟ್ಟೆಯ ಥಾನು ಅಳೆಯುತ್ತಿದ್ದ.

"ಶೆಟ್ರ, ಈ ವರ್ಷ ನಿಮ್ಮ ಮನಿಯವರು ಒಬ್ಬರೂ ದಂಡಿ ಮ್ಯಾಲ ಬಂದಿಲ್ಲ."

"ಕಲಸಾಕಿ ನೀನು. ಕಾಯದೂ ನಿಂದೇ ಜಿಮ್ಮಾ ಅಲ್ಲೇನು? ನಾ ಬಂದು ಅಲ್ಲಿ ಕುಂತ್ರ ಇಲ್ಲಿ ಯಾರು ಕುಂದ್ರಬೇಕು?"

"ಗಿರಾಕಿ ಕೈಯಾಗ ಥಾನು ಕೊಟ್ಟು ನೀವು ಹಿತ್ತಲಕ ಹೋಗ್ತೀರೇನ್ರಿ?"

"ಹ್ಯಾಂಗ ಹೋಗ್ಲಿ? ಕತ್ತರಿಸಿಕೊಂಡು ಹೋದ್ರ?"

"ಅರಿವಿ ಬಿಟ್ಟು ಹೋಗಂಗಿಲ್ಲ. ಮಗನ್ನ ಬಿಟ್ಟು ಹೋಗ್ತೀರಿ."

ಅಂಗಡಿಯ ಮುಂದೆ ಕುಳಿತ ನಾಲ್ಕು ಮಂದಿ ನಕ್ಕರು. ದೇವಿಂದ್ರಪ್ಪನ ಮುಖ ಕೆಂಪಾಯಿತು. ಅವತ್ತಿನಿಂದ ಆತ ಹಣಮಮ್ಮ ಬರುವ ಓಣಿ ಬಿಟ್ಟು ಬೇರೆ ಓಣಿ ಹಿಡಿಯುತ್ತಿದ್ದ. ಮಗನನ್ನು ಕಳಿಸುವುದು ಮಾತ್ರ ಬಿಡಲಿಲ್ಲ.

"ನೀ ಬಿಟ್ಟುಬಿಡು," ಅಂದ ಚಂದ್ರಾಮಪ್ಪ, ರೊಟ್ಟಿ ಮುರಿಯುತ್ತ. "ಊರ ಹುಡುಗರ ಗೊಡವಿ ನಿನಗ ಯಾಕ?"

"ಬಿಟ್ರ ಮತ್ತ ನನ್ನೇ ಕರೀತಾರ. ಹೆಣ ತೆಗಿಯಾಕ."



ಆ ಬೇಸಿಗೆಯ ಕೊನೆಗೆ ಜೈತುನ್ಬೀಯ ಮಗಳಿಗೆ ಶಹಾಬಾದದಲ್ಲಿ ಹೆರಿಗೆ ಬಂತು. ಜೈತುನ್ಬೀ ಮೊಮ್ಮಗಳನ್ನು ಕಟ್ಟಿಕೊಂಡು ಹೋದಳು. ಮರುದಿನ ಹಣಮಮ್ಮ ಖಣಿಗೆ ಬಂದಾಗ ಹುಡುಗರಿದ್ದರು, ಬುರುಡೆಗಳಿದ್ದವು, ದಂಡೆಯ ಮೇಲೆ ಒಂದು ನರಪಿಳ್ಳೆ ಇರಲಿಲ್ಲ. ವಾಪಸು ಕಳಿಸಬೇಕು ಅಂದುಕೊಂಡಳು. ಆದರೆ ಹುಡುಗರು ಅಂಗಿ ಬಿಚ್ಚಿ ಕುಣಿಯುತ್ತಿದ್ದರು. ವಾಪಸು ಕಳಿಸಿದರೆ ಮನೆಗೆ ಹೋಗುತ್ತಾರೆಯೇ? ಆಕೆ ಅತ್ತ ಹೋದ ಮೇಲೆ ತಾವೇ ಇಳಿಯುತ್ತಾರೆ. ಬಿಚ್ಚಿದ ಅಂಗಿಗಳನ್ನು ತಾನೇ ಒಂದು ಕಲ್ಲಿನ ಮೇಲೆ ಒಟ್ಟಿ, ಸೀರೆ ಮೇಲೆ ಕಟ್ಟಿ ಇಳಿದಳು.

ಬಿಸಿಲು ಏರಿತು. ಎಲ್ಲರನ್ನೂ ಮೇಲೆ ಹತ್ತಿಸಿದಳು. ಹುಡುಗರು ನೂಕಾಡುತ್ತ ತಂತಮ್ಮ ಅಂಗಿ ಹಾಕಿಕೊಂಡರು. ಕಲ್ಲಿನ ಮೇಲೆ ಒಂದು ಅಂಗಿ ಉಳಿಯಿತು, ಒಂದು ಚಡ್ಡಿ. ನೀಲಿ ಗೆರೆಯ ಅಂಗಿ.

"ಇದು ಯಾರದು?"

"ರೇವುಂದು," ಅಂದ ಒಬ್ಬ.

"ರೇವು ಎಲ್ಲಿ?"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಈಗ ಇಲ್ಲೇ ಇದ್ದ ಅಂದ ಒಬ್ಬ. ಗೋಡೆಯ ಹತ್ತಿರ ಇದ್ದ ಅಂದ ಇನ್ನೊಬ್ಬ. ಯಾರೂ ನೋಡಿರಲಿಲ್ಲ, ಅವರೂ ಹುಡುಗರೇ, ನೀರು ಸಿಡಿಸುವುದರಲ್ಲಿ ಇದ್ದರು.

ಹಣಮಮ್ಮ ಹಾರಿದಳು.

ಖಣಿಯ ನೀರು ಮೇಲೆ ಬಿಸಿ, ಎರಡು ಆಳುದ್ದ ಇಳಿದರೆ ಕೈಕಾಲು ಸೆಡೆಯುವ ತಂಪು. ಕಲ್ಲು ಬಿಡಿಸಿದ ಪದರುಗಳು ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಉಳಿದಿದ್ದವು. ಅವುಗಳ ಸಂದಿಯಲ್ಲಿ ಒಬ್ಬ ಹುಡುಗನ ಕಾಲು ಸಿಕ್ಕಿಕೊಂಡಿದ್ದರೆ ಮೇಲಿನಿಂದ ಕಾಣುವುದಿಲ್ಲ, ಕೈಯಿಂದ ತಡವಿ ನೋಡಬೇಕು. ತಡವಿದಳು. ಉಸಿರು ಮುಗಿದು ಮೇಲೆ ಬಂದು, ಎಳೆದುಕೊಂಡು, ಮತ್ತೆ ಇಳಿದಳು. ಉಗುರು ಕಿತ್ತವು. ಹುಡುಗರು ಹೊಸ ಖಣಿಗೆ ಓಡಿ ಚಂದ್ರಾಮಪ್ಪನನ್ನು ಕರೆತಂದರು, ಅವನ ಹಿಂದೆ ಕಲ್ಲಿನ ಆಳುಗಳು, ಅವರ ಹಿಂದೆ ಊರು. ಬೇಸಿಗೆಯೆಲ್ಲ ಬಾರದಿದ್ದ ಊರು ಅರ್ಧ ಗಳಿಗೆಯಲ್ಲಿ ಬಂತು. ಗೋಡೆಯ ಮೇಲೆ ನಿಲ್ಲಲಿಕ್ಕೆ ಜಾಗವಿರಲಿಲ್ಲ. ಹಗ್ಗ ತಂದರು, ಗಳ ತಂದರು, ಬುದ್ಧಿ ತಂದರು. ಅಲ್ಲಿ ನೋಡು, ಇಲ್ಲಿ ನೋಡು ಅಂತ ಮೇಲಿನಿಂದ ಕೂಗಿದರು. ನೀರಿಗೆ ಇಳಿದವರು ಯಾರೂ ಇಲ್ಲ.

ಶಿವಕಾಂತಮ್ಮ ಇಳಿಜಾರಿನಲ್ಲಿ ಬಿದ್ದು ಎದೆ ಬಡಿದುಕೊಂಡಳು. "ನನ್ನ ಮಗನ್ನ ನುಂಗಿದೆಲ್ಲೇ ಹಡಸು. ನಿನ್ನ ನಂಬಿ ಕಳಿಸಿದ್ದೆನಲ್ಲೇ." ಗಂಡ ಬೆಳಗ್ಗೆಯೇ ಚಿತ್ತಾಪುರಕ್ಕೆ ಹೋಗಿದ್ದಾನೆ, ಬಂದರೆ ಏನು ಹೇಳಲಿ ಅಂತ ಅತ್ತಳು.

"ದಂಡಿ ಮ್ಯಾಲ ಯಾರೂ ಇಲ್ದಾಗ ನೀ ಹ್ಯಾಂಗ ಇಳಿಸಿದಿ?" ಅಂತ ಕಾಶಪ್ಪ ಪಾಟೀಲ ಮೇಲಿನಿಂದ ಕೇಳಿದ. "ನಾಳಿ ಠಾಣಾದ ಅಮೀನ ಸಾಹೇಬ ಬಂದು ಕೇಳಿದ್ರ ನಾ ಏನ್ ಹೇಳ್ಲಿ?"

ಹಣಮಮ್ಮ ಮತ್ತೆ ಮುಳುಗಿದಳು. ಉತ್ತರಕ್ಕೆ ಉಸಿರು ಬೇಕು, ಉಸಿರು ಮುಳುಗಲಿಕ್ಕೆ ಬೇಕಿತ್ತು. ಅಷ್ಟು ಹೊತ್ತಾದ ಮೇಲೆ ಜೀವ ಇರುವುದಿಲ್ಲ ಅಂತ ಎಲ್ಲರಿಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ಆದರೂ ಹುಡುಗನನ್ನು ರಾತ್ರಿ ನೀರಿನಲ್ಲಿ ಬಿಟ್ಟು ತಾನು ಮನೆಗೆ ಹೋಗಿ ಒಲೆ ಹಚ್ಚುವುದು ಆಕೆಯಿಂದ ಆಗುತ್ತಿರಲಿಲ್ಲ. ಆಳಕ್ಕೆ ಇಳಿದಾಗ ಎಡಗಿವಿಯಲ್ಲಿ ಏನೋ ಹರಿದಂತಾಗಿ ಬಾಯಿಗೆ ರಕ್ತದ ರುಚಿ ಬಂತು. ಚಂದ್ರಾಮಪ್ಪ ಇಳಿಜಾರಿನ ತುದಿಯಲ್ಲಿ ಮೊಣಕಾಲ ನೀರಿನಲ್ಲಿ ನಿಂತು, "ಸಾಕು, ಮ್ಯಾಲ ಬಾ," ಅನ್ನುತ್ತಿದ್ದ. ಆಕೆ ಮತ್ತೆ ಇಳಿದಳು.

ಹೊತ್ತು ಮುಳುಗುವ ಮೊದಲು ಚಿತ್ತಾಪುರದ ದಾರಿಯಲ್ಲಿ ಒಂದು ಸವಾರಿ ಬಂಡಿ ಬಂದು ಜನ ಕಂಡು ನಿಂತಿತು. ದೇವಿಂದ್ರಪ್ಪ ಶೆಟ್ಟಿ ಇಳಿದು, ಜನರನ್ನು ಸರಿಸಿ, ಗೋಡೆಯ ಅಂಚಿಗೆ ಬಂದು ಬಗ್ಗಿ ನೋಡಿದ.

"ಯಾರು ಬಿದ್ದಾರ? ಯಾರ ಮನಿ ಹುಡುಗ?"

ಅವನ ಹಿಂದೆ ಹೊಸ ಅಂಗಿ, ಹೊಸ ಟೊಪ್ಪಿಗೆ ಹಾಕಿಕೊಂಡು, ಬತ್ತಾಸು ಚೀಪುತ್ತ ರೇವು ನಿಂತಿದ್ದ.

ಆಗಿದ್ದು ಇಷ್ಟು. ಚಿತ್ತಾಪುರದ ಬೀಗರ ಮನೆಯಲ್ಲಿ ತೊಟ್ಟಿಲ ಕಾರ್ಯ. ದಾರಿಯಲ್ಲಿ ಶೆಟ್ಟಿಗೆ ಮಗನನ್ನೂ ಕರೆದುಕೊಂಡು ಹೋಗಬೇಕು ಅನ್ನಿಸಿತು. ಬಂಡಿ ನಿಲ್ಲಿಸಿ ಇಳಿಜಾರಿಗೆ ಬಂದ. ಹಣಮಮ್ಮ ನೀರಿನಲ್ಲಿ ಆ ಕಡೆ ಮುಖ ಮಾಡಿದ್ದಳು. ಮಗನಿಗೆ ಸನ್ನೆ ಮಾಡಿದ, ಶಲ್ಯದಲ್ಲಿ ಸುತ್ತಿದ, ಬೀಗರಿಗೆ ಉಡುಗೊರೆ ಅಂತ ಅಂಗಡಿಯಿಂದ ತಂದ ಗಂಟಿನಲ್ಲಿ ಹೊಸ ಅಂಗಿ, ಚಡ್ಡಿ, ಟೊಪ್ಪಿಗೆ ಇದ್ದವು, ಹಾಕಿದ, ಹೋದ. ಕಲ್ಲಿನ ಮೇಲಿನ ಹಳೆ ಅಂಗಿ ಅವನಿಗೆ ಬೇಕಿರಲಿಲ್ಲ.

ಹಣಮಮ್ಮ ಗಳ ಹಿಡಿದು ಮೇಲೆ ಬಂದಳು. ಕಿವಿಯಿಂದ ಕುತ್ತಿಗೆಗೆ ರಕ್ತ ಇಳಿದಿತ್ತು. "ಒಂದ್ ಮಾತು ಹೇಳಿ ಕರಕೊಂಡು ಹೋಗಬಾರದಿತ್ತೇನ್ರಿ?" ಅಂದಳು. ಅಷ್ಟು ಮೆಲ್ಲಗೆ ಆಕೆ ಎಂದೂ ಮಾತಾಡಿರಲಿಲ್ಲ.

ದೇವಿಂದ್ರಪ್ಪ ನೆಲ ನೋಡಿದ. "ಕರದ್ರ ನೀ ಬೈತಿದ್ದಿ. ದಂಡಿ ಮ್ಯಾಲ ಯಾಕ ಕುಂದ್ರವಲ್ರಿ ಅಂತ ಕೇಳ್ತಿದ್ದಿ. ಹಿಡಕೊಂಡು ಕುಂದರಸ್ತಿದ್ದಿ. ನನಗ ಹೊತ್ತಾಗಿತ್ತು."

ಜನರ ನಡುವೆ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಅವನಿಂದ ಇನ್ನೊಬ್ಬ. ಆಮೇಲೆ ಊರೇ ನಕ್ಕಿತು. ಹೆದರಿಕೆ ಇಳಿದ ನಗೆ ಅದು, ಇರಲಿ. ಆದರೆ ಶಿವಕಾಂತಮ್ಮ ಮಗನನ್ನು ಅವಚಿಕೊಂಡು ಹಿಂದೆ ನೋಡದೆ ಹೋದಳು. ಹಡಸು ಅಂತ ಬೈದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಾಟೀಲ, "ದೇವರು ದೊಡ್ಡಾಂವ, ನಡೀರಿ ನಡೀರಿ," ಅಂದ. ಹಗ್ಗ ತಂದವರು ಹಗ್ಗ ಸುತ್ತಿಕೊಂಡರು. ನಗುತ್ತ ನಗುತ್ತ ಎಲ್ಲರೂ ಊಟಕ್ಕೆ ಹೋದರು. ಹುಡುಗ ಸತ್ತಿದ್ದರೆ ಆಕೆ ಕೊಲೆಗಾರಳು, ಬದುಕಿದರೆ ಆಕೆ ಹಾಸ್ಯ.

ಹಣಮಮ್ಮನ ಸಿಟ್ಟು ಅಲ್ಲಿ ಗಟ್ಟಿಯಾಯಿತು. ಮುಂಚಿನದು ಬಾಯಿಯ ಸಿಟ್ಟು, ಬೈದರೆ ಇಳಿಯುತ್ತಿತ್ತು. ಇದು ಇಳಿಯುವ ಜಾತಿಯದಲ್ಲ.

ಮರುದಿನ ಹುಡುಗರು ಬಂದರು. ಹಣಮಮ್ಮ ಇಳಿಜಾರಿನ ಬಾಯಿಗೆ ಅಡ್ಡ ಕುಳಿತಿದ್ದಳು, ಕೈಯಲ್ಲಿ ಹುಣಸೆ ಬರಲು, ಹಸಿ ಕೋಲು. "ಇವತ್ತಿಂದ ಈಸು ಇಲ್ಲ. ಮನಿಗಿ ಹೋಗಿ ನಿಮ್ಮ ಅವ್ವ ಅಪ್ಪಗ ಹೇಳ್ರಿ." ಅರ್ಧ ಕಲಿತ ಹುಡುಗರು ಒಂದೂ ಕಲಿಯದವರಿಗಿಂತ ಅಪಾಯ, ನೀರು ತಮ್ಮದೇ ಅಂತ ತಿಳಿದಿರುತ್ತಾರೆ. ಆದ್ದರಿಂದ ಕಲಿಸುವುದು ಬಿಟ್ಟರೂ ಕಾಯುವುದು ತಪ್ಪಲಿಲ್ಲ. ದಿನಾ ಬಿಸಿಲಿನಲ್ಲಿ ಕುಳಿತು ಬರಲು ಬೀಸಿದಳು.

ಪಾಟೀಲ ಕಾಶಪ್ಪ ಬಂದ. "ದೊಡ್ಡವರ ತಪ್ಪಿಗಿ ಹುಡುಗರಿಗಿ ಶಿಕ್ಷಾ ಯಾಕವ್ವ? ಹುಡುಗರದೇನು ತಪ್ಪು?"

"ಏನೂ ತಪ್ಪಿಲ್ರಿ. ಅದಕ್ಕೇ ನೀರಿಗಿ ಬಿಡವಲ್ಲೆ."

"ಹಂಗಲ್ಲ. ನಿನ್ನ ಮನಸ್ಸು ದೊಡ್ಡದು."

"ನನ್ನ ಮನಸ್ಸು ಅಳೀಬ್ಯಾಡ್ರಿ ಪಾಟೀಲ್ರ. ಒಂದ್ ಮಾತು ಡಂಗುರ ಹೊಡಸ್ರಿ. ಹುಡುಗ ಇಳೀಬೇಕಂದ್ರ ಮೊದಲ ಅವನ ಮನಿಯವರು ಒಬ್ಬರು ನೀರಿಗಿ ಇಳೀಬೇಕು, ಕುತಗಿ ಮಟ. ಕಾಲಿಗಿ ನೆಲ ಸಿಗದಿದ್ರ ಹ್ಯಾಂಗಾಗ್ತದ ಅಂತ ತಾವು ನೋಡಬೇಕು. ನೋಡಿದವರು ದಂಡಿ ಬಿಟ್ಟು ಏಳಂಗಿಲ್ಲ."

ಕಾಶಪ್ಪ ಡಂಗುರ ಹೊಡೆಸಿದ. ಊರು ಮತ್ತೊಮ್ಮೆ ನಕ್ಕಿತು. ಹೆಂಗಸರ ಜಳಕ ನೋಡಲಿಕ್ಕೆ ಹೋಗೋಣ ಅಂತ ಬೇವಿನ ನೆರಳಿನವರು ಚೌಕಾಬಾರದ ಕವಡೆ ಉರುಳಿಸುತ್ತ ಅಂದರು. ಶಹಾಬಾದದಿಂದ ಬಂದ ಜೈತುನ್ಬೀ ಎಲ್ಲ ಕೇಳಿಸಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಿಸ್ಮಿಲ್ಲಾ ಅಂತ ಇಳಿದಳು. ಕುತ್ತಿಗೆಯ ತನಕ ಹೋಗಿ ಹಲ್ಲು ಕಡಿಯುತ್ತ, "ಅಕ್ಕಾ, ಖಬರಸ್ತಾನ ಇದಕ್ಕಿಂತ ಬೆಚ್ಚಗ ಇರ್ತದ," ಅಂದಳು. ಆಮೇಲೆ ಕಲ್ಲಿನ ಕೆಲಸದವರ ಹೆಂಡಂದಿರು ಕೆಲವರು ಬಂದರು. ಗಂಡಸರು ಒಬ್ಬರೂ ಬರಲಿಲ್ಲ. ತುಂಬಿ ಬರುತ್ತಿದ್ದ ಹುಡುಗರಲ್ಲಿ ಕೈಬೆರಳಿನಷ್ಟು ಮಂದಿ ಉಳಿದರು. ಹಣಮಮ್ಮ ಅಷ್ಟೇ ಹುಡುಗರಿಗೆ ಕಲಿಸಿದಳು. ಉಳಿದವರನ್ನು ಬರಲು ಬೀಸಿ ಅಟ್ಟಿದಳು. ಅಳುತ್ತ ಹೋದ ಮುಖಗಳು ರಾತ್ರಿ ಕಣ್ಣಿಗೆ ಬರುತ್ತಿದ್ದವು. ಆದರೂ ಬೆಳಗ್ಗೆ ಬರಲು ಕೈಯಲ್ಲೇ ಇರುತ್ತಿತ್ತು.

ಮಳೆಗಾಲ ಹೋಗಿ ಮತ್ತೆ ಬೇಸಿಗೆ ಬಂತು. ಒಂದು ಬೆಳಗ್ಗೆ ಶಿವಕಾಂತಮ್ಮ ಮಗನ ಕೈ ಹಿಡಿದು ಇಳಿಜಾರಿಗೆ ಬಂದಳು. ರೇವು ತಾನೊಬ್ಬನೇ ಕದ್ದು ಇನ್ನೊಂದು ಖಣಿಗೆ ಹೋಗುತ್ತಿದ್ದದ್ದು ಆಕೆಗೆ ಗೊತ್ತಾಗಿತ್ತು.

"ಹಣಮಮ್ಮ, ಅವತ್ತು ಬಾಯಿ ತಪ್ಪಿ..."

"ಈ ಕಡಿ ಬಂದು ಹೇಳ್ರಿ. ಆ ಕಿವಿ ಕೇಳಂಗಿಲ್ಲ."

ಶಿವಕಾಂತಮ್ಮ ಬಲಗಡೆಗೆ ಬಂದಳು. ಹೇಳಬೇಕಾದ ಮಾತು ಮತ್ತೆ ಬಾಯಿಗೆ ಬರಲಿಲ್ಲ. ಹಣಮಮ್ಮ ಕಾಯಲೂ ಇಲ್ಲ. "ಇಳೀರಿ," ಅಂದಳು. ಜೊತೆಗೆ ಇಳಿದು, ಪಾದ ಮುಳುಗಿದಾಗ ಬೈದಳು, ಮೊಣಕಾಲು ಮುಳುಗಿದಾಗ ಬೈದಳು, ಸೊಂಟಕ್ಕೆ ಬಂದಾಗ ಶೆಟ್ಟರ ಏಳು ತಲೆಯನ್ನು ಬೈದಳು. ಶಿವಕಾಂತಮ್ಮ ಕಣ್ಣು ಮುಚ್ಚಿ, ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಹಣಮಮ್ಮನ ರಟ್ಟೆಗೆ ಜೋತುಬಿದ್ದು ನಡುಗುತ್ತಿದ್ದಳು. ನೀರು ಕುತ್ತಿಗೆಗೆ ಬಂದಾಗ, ಸುದ್ದಿ ಮುಟ್ಟಿ, ಅಂಗಡಿಯ ಬಾಗಿಲು ಹಾಕಿ ದೇವಿಂದ್ರಪ್ಪ ಓಡಿ ಬಂದ.

"ಏ, ಮ್ಯಾಲ ಬಾ. ಮಾನ ಮರ್ಯಾದಿ ಅದನೋ ಇಲ್ಲೋ? ಮನಿಗಿ ನಡಿ."

"ಈಗ ಕೈ ಬಿಟ್ರ ಮುಳುಗ್ತಾರ್ರಿ," ಅಂದಳು ಹಣಮಮ್ಮ. "ಬಿಡ್ಲೇನು?"

ದೇವಿಂದ್ರಪ್ಪ ಅತ್ತಿತ್ತ ನೋಡಿದ. ಯಾರಿಗಾದರೂ, ಸ್ವಲ್ಪ ನೋಡಿಕೊಳ್ಳಿ ಅಂತ ಹೇಳಿ ಹೋಗೋಣವೆಂದರೆ, ಜೈತುನ್ಬೀ ಅವತ್ತು ತನ್ನ ಮೊಮ್ಮಗಳ ಹಿಂದೆ ನೀರಿನಲ್ಲೇ ಇದ್ದಳು. ಉಳಿದ ಮನೆಯವರೂ ತಂತಮ್ಮ ಸರದಿಗೆ ನೀರಿಗೆ ಇಳಿದಿದ್ದರು. ದಂಡೆಯ ಮೇಲೆ ರೇವುವನ್ನು ಬಿಟ್ಟರೆ ಇದ್ದದ್ದು ಅವನೊಬ್ಬನೇ. ಹೆಂಡತಿಯ ತಲೆಯೊಂದೇ ಹಸಿರು ನೀರಿನ ಮೇಲೆ ಕಾಣುತ್ತಿತ್ತು. ಒಂದು ಹೆಜ್ಜೆ ಹಿಂದೆ ಇಟ್ಟ, ನಿಂತ. ಆಮೇಲೆ ಧೋತರ ಸರಿಮಾಡಿಕೊಂಡು, ಊರಿನ ಕಡೆಯಿಂದ ಯಾರಾದರೂ ನೋಡಿಯಾರು ಅಂತ ಕಲ್ಲಿನ ಮರೆಗೆ, ಖಣಿಗೆ ಬೆನ್ನು ಮಾಡಿ ಕುಳಿತ.

"ಶೆಟ್ರ," ಅಂದಳು ಹಣಮಮ್ಮ. "ಈ ಕಡಿ ಮಾರಿ ಮಾಡಿ ಕುಂದ್ರಿ."